ಅನಗವಾಡಿಯ ಸುತ್ತ ಐದು ಸರಕಾರಗಳು

ರಾಜ್ಯಶಾಸ್ತ್ರದ ಯಾವ ಪಠ್ಯಪುಸ್ತಕವನ್ನು ತೆರೆದರೂ ಮೊದಲ ಅಧ್ಯಾಯದಲ್ಲಿಯೇ ಸರಕಾರಗಳ ಒಂದು ಪಟ್ಟಿ ಎದುರಾಗುತ್ತದೆ. ಒಬ್ಬನು ಆಳಿದರೆ ರಾಜಪ್ರಭುತ್ವ, ಕೆಲವರು ಆಳಿದರೆ ಶ್ರೀಮಂತಪ್ರಭುತ್ವ, ಎಲ್ಲರೂ ಸೇರಿ ಆಳಿದರೆ ಪ್ರಜಾಪ್ರಭುತ್ವ. ಗ್ರೀಸಿನ ಅರಿಸ್ಟಾಟಲನ ಕಾಲದಿಂದ ಬಂದಿರುವ ಈ ವಿಂಗಡಣೆಯನ್ನು ನಮ್ಮ ಹುಡುಗರು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ಆ ಪುಟಗಳಲ್ಲಿ ಬರುವ ಹೆಸರುಗಳೆಲ್ಲ ಅಥೆನ್ಸು, ರೋಮು, ಲಂಡನ್ನು. ಓದುವವನ ಊರು ಅಲ್ಲಿ ಎಲ್ಲಿಯೂ ಇಲ್ಲ.

ಆದರೆ ಸರಕಾರಗಳ ಬಗೆಗಳನ್ನು ಕಾಲ್ನಡಿಗೆಯಲ್ಲಿಯೇ ನೋಡಿ ಬರಬಹುದಾಗಿದ್ದ ಒಂದು ಸೀಮೆ ನಮ್ಮಲ್ಲಿಯೇ ಇತ್ತು. ಬಾಗಲಕೋಟೆಯಿಂದ ಬೀಳಗಿಯ ಕಡೆಗೆ ಹೋಗುವವರು ಘಟಪ್ರಭೆಯನ್ನು ದಾಟುವುದು ಅನಗವಾಡಿಯ ಸೇತುವೆಯ ಮೇಲೆ. ಆ ಹಾದಿಯಲ್ಲಿ ಹೋಗುವಾಗಲೆಲ್ಲ ನನಗೆ ಅನಿಸುವುದುಂಟು: 1948ಕ್ಕೆ ಮುಂಚೆ ಈ ಹಳ್ಳಿಯಿಂದ ಹೊರಟ ಒಂದು ಎತ್ತಿನ ಗಾಡಿ ಕೆಲವೇ ದಿನಗಳ ಪ್ರಯಾಣದಲ್ಲಿ ಐದು ಸರಕಾರಗಳ ನೆಲವನ್ನು ತುಳಿದು ಬರಬಹುದಾಗಿತ್ತು. ಐದೂ ಕಡೆ ಜನ ಒಂದೇ, ಮಾತು ಒಂದೇ, ಬೆಳೆಯುವ ಜೋಳವೂ ಒಂದೇ. ಆದರೆ ಅಧಿಕಾರದಲ್ಲಿ ಪ್ರಜೆಗೆ ಸಿಕ್ಕುತ್ತಿದ್ದ ಪಾಲು ಮಾತ್ರ ಸೀಮೆಗೊಂದು ತೆರ.

ಅಂದಿನ ಭೂಪಟವನ್ನು ಓದುಗರು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಬಾಗಲಕೋಟೆ, ಬೀಳಗಿಗಳ ಭಾಗ ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿತ್ತು. ಅದನ್ನು ಹಿರಿಯರು 'ಖಾಲಸಾ' ಎಂದು ಕರೆಯುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಪಡುವಣಕ್ಕೆ ನಡೆದರೆ ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನ, ಮಹಾಲಿಂಗಪುರವೂ ಅವರದೇ. ಅದರ ವಿಸ್ತಾರ 368 ಚದರ ಮೈಲು. ಅದರ ಆಚೆ ಪಟವರ್ಧನರ ಜಮಖಂಡಿ, 524 ಚದರ ಮೈಲು. ದೂರದ ಹುಬ್ಬಳ್ಳಿಯ ಮಗ್ಗುಲಲ್ಲಿರುವ ಕುಂದಗೋಳವೂ ಇದೇ ಸಂಸ್ಥಾನದ ತುಣುಕು. ಜಮಖಂಡಿಯ ನೆರೆಯಲ್ಲಿ ತೇರದಾಳ, ರಬಕವಿಗಳು ಸಾಂಗಲಿಯ ಪಟವರ್ಧನರ ಪಾಲು. ಇಂದು ಒಂದೇ ನಗರಸಭೆಯಾಗಿ, ಒಂದೇ ಉಸಿರಿನಲ್ಲಿ ನಾವು ಹೇಳುವ ರಬಕವಿ-ಬನಹಟ್ಟಿಗಳು ಅಂದು ಎರಡು ರಾಜ್ಯಗಳ ಊರುಗಳು: ರಬಕವಿ ಸಾಂಗಲಿಯದು, ಬನಹಟ್ಟಿ ಜಮಖಂಡಿಯದು. ಒಂದೇ ಬಗೆಯ ಸೀರೆ ನೇಯುವ ನೇಕಾರರು ಇಬ್ಬರು ದೊರೆಗಳಿಗೆ ತೆರಿಗೆ ತೆರುತ್ತಿದ್ದರು. ಇನ್ನು ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಹೋದರೆ ಗುಣದಾಳ. ಅದು ಸಾತಾರದ ಕಡೆಯ ಔಂಧ ಸಂಸ್ಥಾನದ ಒಂದು ತಾಲೂಕು. ವಿಜಾಪುರ ಜಿಲ್ಲೆಯ ನಡುವೆ ಬಿದ್ದ ಕನ್ನಡದ ಒಂದು ನಡುಗಡ್ಡೆ.

ಇಷ್ಟು ಬಗೆಯ ಆಡಳಿತಗಳನ್ನು ತೂಗಿ ನೋಡಲು ಒಂದು ತಕ್ಕಡಿ ಬೇಕು. ಆಳುವವನ ಬಿರುದು ಆ ತಕ್ಕಡಿಯಾಗಲಾರದು. ನಾನು ಮೂರು ಪ್ರಶ್ನೆಗಳನ್ನು ಮಾತ್ರ ಕೇಳುತ್ತೇನೆ. ತೆರಿಗೆಯನ್ನು ಗೊತ್ತುಮಾಡುವಾಗ ತೆರುವವನ ಮಾತಿಗೆ ಎಡೆಯುಂಟೆ? ಖರ್ಚಿನ ಲೆಕ್ಕವನ್ನು ಅವನು ಕೇಳಬಹುದೆ? ಆಡಳಿತ ಸರಿಬರದಿದ್ದರೆ ರಕ್ತ ಹರಿಸದೆ ಆಳುವವರನ್ನು ಬದಲಿಸಬಹುದೆ?

ಈ ಪ್ರಶ್ನೆಗಳು ಪಶ್ಚಿಮದಿಂದ ಬಂದವು, ನಮ್ಮ ಮಣ್ಣಿಗೆ ಹೊಸವು ಎಂದು ಯಾರೂ ಭಾವಿಸಬೇಕಾಗಿಲ್ಲ. ಅನಗವಾಡಿಯಿಂದ ಬಾದಾಮಿ ದೂರವೇನಲ್ಲ. ಆ ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು ಕ್ರಿ.ಶ. 725ರಲ್ಲಿ, ಪೊರಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರದ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು 'ಆಚಾರವ್ಯವಸ್ಥೆ'ಯನ್ನು ಬರೆಸಿಕೊಟ್ಟನು. ಆ ಶಾಸನದಲ್ಲಿ ಪ್ರಜೆಗಳ ಕರ್ತವ್ಯಗಳ ಜೊತೆಗೆ ರಾಜಪುರುಷರ ಕರ್ತವ್ಯಗಳೂ ಇವೆ. ಒಡೆಯರಿಲ್ಲದ ಮನೆಗಳನ್ನು, ಹಿಂದಿನ ದತ್ತಿಗಳನ್ನು, ತಾಮ್ರಪಟಗಳನ್ನು, ಅನುಭವಿಸುತ್ತ ಬಂದ ಆಸ್ತಿಯನ್ನು ಅಧಿಕಾರಿಗಳು ಕಾಪಾಡಬೇಕು. ಮನೆಗಳು ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ತೆರಬೇಕಾದ ತೆರಿಗೆಯನ್ನು ಕಾರ್ತಿಕ ಮಾಸದಲ್ಲಿ ಅಲ್ಲಿಯ ಶ್ರೇಣಿಗೇ ಸಲ್ಲಿಸಬೇಕು. ಅರಸನ ಅಧಿಕಾರಿಯ ಕೈಯನ್ನೂ ಕಟ್ಟುವ ಕಲ್ಲೊಂದು ಸುಮಾರು ಹದಿಮೂರು ಶತಮಾನಗಳ ಹಿಂದೆಯೇ ನಮ್ಮಲ್ಲಿ ನಿಂತಿತು ಎಂಬುದು ಸಣ್ಣ ಮಾತಲ್ಲ. ಹಾಗೆಂದು ಅದನ್ನು ಪ್ರಜಾಪ್ರಭುತ್ವವೆಂದು ಹಾಡಿ ಹೊಗಳುವುದೂ ಸಲ್ಲದು. ಮಹಾಜನರ ಸಭೆಯಲ್ಲಿ ಕೂಲಿಯವನಿಗೆ ಆಸನವಿರಲಿಲ್ಲ, ಹೆಣ್ಣಿಗೆ ಮತವಿರಲಿಲ್ಲ. ಅಧಿಕಾರ ಹಂಚಿತ್ತು ನಿಜ. ಆದರೆ ಹಂಚಿದ್ದು ಮೊದಲೇ ಉಳ್ಳವರ ನಡುವೆ.

ಈಗ ಖಾಲಸಾ ಸೀಮೆಗೆ ಬರೋಣ. ಇಲ್ಲಿ ಬರಹದ ಕಾಯಿದೆ ಇತ್ತು, ಕೋರ್ಟು ಇತ್ತು. 1864ರಿಂದ ಕಲಾದಗಿಯಲ್ಲಿ, 1885ರ ಅನಂತರ ವಿಜಾಪುರದಲ್ಲಿ ಕಲೆಕ್ಟರನು ಕುಳಿತು ಜಿಲ್ಲೆಯನ್ನು ಆಳುತ್ತಿದ್ದನು. ಅವನ ಮನಸ್ಸು ಕೆಟ್ಟರೂ ಕಾಯಿದೆಯ ಎಲ್ಲೆಯೊಂದು ಇತ್ತು ಎಂಬುದು ಸಣ್ಣ ಲಾಭವಲ್ಲ. ಆದರೆ ಹಳ್ಳಿಯಲ್ಲಿ ಸರಕಾರವೆಂದರೆ ಗೌಡ ಮತ್ತು ಕುಲಕರ್ಣಿ. ಆ ಎರಡೂ ವತನಗಳು ವಂಶದಿಂದ ವಂಶಕ್ಕೆ ಇಳಿದು ಬರುತ್ತಿದ್ದುವು. 1874ರ ವತನ ಕಾಯಿದೆ ಅದನ್ನು ಇನ್ನಷ್ಟು ಭದ್ರಪಡಿಸಿತು. ಲಾರ್ಡ್ ರಿಪನ್ನನ 1882ರ ಠರಾವಿನ ಫಲವಾಗಿ 1884ರಲ್ಲಿ ಲೋಕಲ್ ಬೋರ್ಡುಗಳ ಕಾಯಿದೆ ಬಂದಿತು. ರಸ್ತೆ, ಬಾವಿ, ಪ್ರಾಥಮಿಕ ಶಾಲೆಗಳ ಮಟ್ಟಿಗೆ ಕೆಲವರು ಮಾತನಾಡಬಹುದಾಯಿತು. ಯಾರು ಆ ಕೆಲವರು? ಇಂತಿಷ್ಟು ಕಂದಾಯ ಕೊಡುವವರು, ಇಂತಿಷ್ಟು ಆಸ್ತಿಯುಳ್ಳವರು. 1935ರ ಕಾಯಿದೆಯ ಮೇಲೆ ನಡೆದ ಚುನಾವಣೆಯಲ್ಲಿಯೂ ಬ್ರಿಟಿಷ್ ಹಿಂದುಸ್ತಾನದಲ್ಲೆಲ್ಲ ಮತವಿದ್ದವರು ಸುಮಾರು ಮೂರು ಕೋಟಿ ಚಿಲ್ಲರೆ ಜನ ಮಾತ್ರ. ಖಾಲಸಾದ ರೈತನಿಗೆ ಕಾಯಿದೆಯ ಆಶ್ರಯವಿತ್ತು. ಆ ಕಾಯಿದೆಯನ್ನು ಮಾಡುವ ಕೈಗಳಲ್ಲಿ ಅವನ ಕೈ ಇರಲಿಲ್ಲ.

ಮುಧೋಳದ ಮಾತು ಬೇರೆ. ಕವಿ ರನ್ನನ ನೆನಪಿನ, ಹೆಸರಾಂತ ಬೇಟೆನಾಯಿಗಳ ಆ ಊರಿನಲ್ಲಿ ದೊರೆ ಜನರ ಕಣ್ಣಿಗೆ ಕಾಣುತ್ತಿದ್ದನು. ಕಲೆಕ್ಟರನಂತೆ ವರ್ಗವಾಗಿ ಹೋಗುವವನಲ್ಲ, ಊರಿನವನೇ. ಸಣ್ಣ ಸಂಸ್ಥಾನಗಳ ಈ ಆತ್ಮೀಯತೆಯನ್ನು ಹೊಗಳಿ ಬರೆದವರು ಹಲವರು. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಆ ದೊರೆಯ ತಲೆಯ ಮೇಲೆ ಇನ್ನೊಬ್ಬ ದೊರೆಯಿದ್ದನೆಂಬುದನ್ನು ಮರೆಯಲಾಗದು. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬದುಕು, ಮರ್ಯಾದೆ ಎರಡೂ. ಅದನ್ನು ಒಪ್ಪಿಸಿರೆಂದು ಹುಕುಮು ಬಂದಾಗ ಅವರನ್ನು ಕೇಳಿದವರಿಲ್ಲ. ಅವರ ಮಾತನ್ನು ಮೇಲಕ್ಕೆ ಮುಟ್ಟಿಸುವ ಸಭೆಯಿಲ್ಲ. ಅವರು ಆಯುಧ ಕೊಡಲಿಲ್ಲ. ನವೆಂಬರಿನ ಕೊನೆಯಲ್ಲಿ ಮಾಲ್ಕಮನ ದಂಡು ರಾತ್ರಿಯ ಹೊತ್ತು ಊರನ್ನು ಮುತ್ತಿತು, ಊರು ಉರಿಯಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನೂ, 14ರಂದು ಹಲಗಲಿಯಲ್ಲಿಯೇ 6 ಜನರನ್ನೂ ಗಲ್ಲಿಗೇರಿಸಿದರು. ಹಲಗಲಿಯ ಬೇಡರ ಲಾವಣಿಯನ್ನು ನಮ್ಮ ನಾಡು ಇಂದಿಗೂ ಶೌರ್ಯದ ಕಥೆಯಾಗಿ ಕೇಳುತ್ತದೆ. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ತೋರುತ್ತದೆ. ಆಜ್ಞೆ ಇಳಿದು ಬರಲು ಹಾದಿಯಿದ್ದು, ಅಹವಾಲು ಏರಿ ಹೋಗಲು ಹಾದಿಯಿಲ್ಲದ ರಾಜ್ಯದಲ್ಲಿ ಭಿನ್ನಾಭಿಪ್ರಾಯಕ್ಕೆ ಉಳಿಯುವುದು ಎರಡೇ ದಾರಿ: ಒಂದೋ ಮೌನ, ಇಲ್ಲವೆ ಕತ್ತಿ.

ಎಂಬತ್ತೆರಡು ವರ್ಷಗಳ ತರುವಾಯವೂ ಈ ಪಾಠ ಬದಲಾಗಿರಲಿಲ್ಲ. ತುಸು ದಕ್ಷಿಣಕ್ಕೆ, ಮಲಪ್ರಭೆಯ ದಂಡೆಯ ರಾಮದುರ್ಗ ಸಂಸ್ಥಾನದಲ್ಲಿ 1939ರ ಏಪ್ರಿಲಿನಲ್ಲಿ, ಸೆರೆಯಲ್ಲಿಟ್ಟ ಪ್ರಜಾಸಂಘದ ಮುಂದಾಳುಗಳನ್ನು ಬಿಡಿಸಲು ಜನ ಜೈಲನ್ನು ಮುತ್ತಿದರು, ಪೊಲೀಸರು ಹತರಾದರು, ಅನಂತರ ಪ್ರಜೆಗಳ ಮೇಲೆ ದಮನ ನಡೆಯಿತು. ಗಾಂಧೀಜಿ ಆ ಹಿಂಸೆಯನ್ನು ಖಂಡಿಸಿದರು.

ಆಶ್ಚರ್ಯದ ಸಂಗತಿಯೆಂದರೆ, ಅದೇ 1939ರ ಜನವರಿಯಲ್ಲಿ, ಇದೇ ಸೀಮೆಯ ಗುಣದಾಳದಲ್ಲಿ ತೀರ ಬೇರೆಯಾದೊಂದು ಪ್ರಯೋಗ ಮೊದಲಾಗಿತ್ತು. ಔಂಧದ ರಾಜಾ ಭವಾನರಾವ ಪಂತ ಪ್ರತಿನಿಧಿಯವರನ್ನು ಸೂರ್ಯನಮಸ್ಕಾರದ ಪ್ರಚಾರಕರೆಂದು ಹಳಬರು ಬಲ್ಲರು. ಅವರು ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಡಲು ಮುಂದಾದರು. ಮಗ ಅಪ್ಪಾಸಾಹೇಬ ಪಂತರು ಜೊತೆಯಾದರು. ಪೋಲೆಂಡಿನಿಂದ ಬಂದು ಬೆಂಗಳೂರಿನ ಸರಕಾರಿ ವಿದ್ಯುತ್ ಕಾರಖಾನೆಯಲ್ಲಿ ಇಂಜಿನಿಯರಾಗಿದ್ದ ಮಾರಿಸ್ ಫ್ರಿಡ್‌ಮನ್ನರು ಯೋಜನೆಗೆ ಕೈಹಚ್ಚಿದರು. ಘಟನೆಯ ಕರಡಿಗೆ ಗಾಂಧೀಜಿಯೇ ಮಾರ್ಗದರ್ಶನ ಮಾಡಿದರು. ಅದರ ರೀತಿ ಸರಳವಾದುದು. ಪ್ರತಿ ಹಳ್ಳಿಯೂ ಐವರ ಪಂಚಾಯತಿಯನ್ನು ಆರಿಸಬೇಕು. ಹಳ್ಳಿಗಳ ಪಂಚಾಯತಿಗಳಿಂದ ತಾಲೂಕಿನ ಪಂಚಾಯತಿ. ಅಲ್ಲಿಂದ ಸಂಸ್ಥಾನದ ಶಾಸನಸಭೆ. ಔಂಧ, ಆಟಪಾಡಿ, ಕುಂಡಲ, ಗುಣದಾಳ ಎಂಬ ನಾಲ್ಕು ತಾಲೂಕುಗಳ 72 ಹಳ್ಳಿಗಳಿಗೆಲ್ಲ ಇದೇ ಕ್ರಮ. ರಾಜನು ತನ್ನ ಖರ್ಚಿಗೆ ಮಿತಿ ಹಾಕಿಕೊಂಡು ಪ್ರಜೆಗಳ ಮೊದಲ ಸೇವಕನೆನಿಸಿಕೊಳ್ಳಬೇಕು. ಓದುಬರಹಕ್ಕೂ ಪ್ರಜೆಯ ಅಧಿಕಾರಕ್ಕೂ ಗಾಂಧೀಜಿ ಗಂಟು ಹಾಕಿದ್ದರು. ಅಕ್ಷರ ಬಾರದವನನ್ನು ಯಾರಾದರೂ ಮೋಸಗೊಳಿಸಬಹುದೆಂಬುದು ಅವರ ಭೀತಿ.

ಈ ರಚನೆಯ ವಿಶೇಷವನ್ನು ನಾವು ಗಮನಿಸಬೇಕು. ಉಳಿದೆಡೆ ಅಧಿಕಾರ ಮೇಲಿನಿಂದ ಹನಿಹನಿಯಾಗಿ ಇಳಿಯುತ್ತಿದ್ದರೆ ಇಲ್ಲಿ ಹಳ್ಳಿಯ ಚಾವಡಿಯಿಂದ ಏರತೊಡಗಿತು. ಮುಂಬಯಿಯ ಮಂತ್ರಿಮಂಡಲಕ್ಕೂ ಇಲ್ಲದ ಬೇರು ಗುಣದಾಳದ ಪಂಚಾಯತಿಗೆ ಇತ್ತು. ಆದರೆ ಒಂದು ಕೊರತೆಯೂ ಇತ್ತು. ಇದೆಲ್ಲ ಒಬ್ಬ ಸಜ್ಜನನ ಔದಾರ್ಯದ ಮೇಲೆ ನಿಂತಿತ್ತು. ಔಂಧದ ರಾಜನು ಮನಸ್ಸು ಮಾಡಿದ, ಕೊಟ್ಟ. ಪಕ್ಕದ ರಾಜ ಮನಸ್ಸು ಮಾಡಲಿಲ್ಲ, ಕೊಡಲಿಲ್ಲ. ಗುಣದಾಳದವನು ಪಡೆದದ್ದಕ್ಕೂ ರಾಮದುರ್ಗದವನು ಪಡೆಯದೆ ಹೋದದ್ದಕ್ಕೂ ಹುಟ್ಟಿದ ಊರೊಂದನ್ನು ಬಿಟ್ಟರೆ ಬೇರೆ ಕಾರಣವಿಲ್ಲ.

ಜಮಖಂಡಿಯ ದಾರಿ ಇವೆರಡರ ನಡುವಿನದು. ಅಲ್ಲಿ ಅಧಿಕಾರ ಒಮ್ಮೆಲೆ ಕೈಬದಲಾಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಸಾಗಿತು. ಕೊನೆಯ ರಾಜರಾದ ಶಂಕರರಾವ ಪಟವರ್ಧನರ ಕಾಲದಲ್ಲಿ ಊರಿಗೆ ಮುನಿಸಿಪಾಲಿಟಿ ಇತ್ತು, ಸಂಸ್ಥಾನಕ್ಕೆ ಶಾಸನಸಭೆ ಇತ್ತು. ಈ ಮೆಟ್ಟಿಲುಗಳನ್ನು ಏರಿದವರಲ್ಲಿ ಒಬ್ಬರ ಜೀವನವನ್ನು ನೋಡಿದರೆ ಸಾಕು. ಬಸಪ್ಪ ದಾನಪ್ಪ ಜತ್ತಿಯವರು ಹುಟ್ಟಿದ್ದು 1912ರಲ್ಲಿ, ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ. ವಕೀಲಿ ಕಲಿತು ಬಂದು 1940ರಲ್ಲಿ ಜಮಖಂಡಿಯ ಮುನಿಸಿಪಾಲಿಟಿಯ ಸದಸ್ಯರಾದರು, ಮುಂದೆ ಅದರ ಅಧ್ಯಕ್ಷರಾದರು. ಸಂಸ್ಥಾನದ ಶಾಸನಸಭೆಗೆ ಬಂದರು, ಮುಂದೆ ಮಂತ್ರಿ, 1948ರಲ್ಲಿ ಮುಖ್ಯಮಂತ್ರಿ. ಆ ಪದವಿಯಲ್ಲಿದ್ದಾಗಲೇ 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಖ್ಯಮಂತ್ರಿಯಾಗಿದ್ದವರು ಮತ್ತೆ ಕರಿಯ ಕೋಟು ತೊಟ್ಟು ವಕೀಲಿಗೆ ಮರಳಿದರು. ಆಳುವವನು ಕುರ್ಚಿ ಬಿಟ್ಟು ಮನೆಗೆ ನಡೆದು ಬರುವುದನ್ನು ಈ ಸೀಮೆಯ ಜನ ಅಷ್ಟು ಸಹಜವಾಗಿ ಹಿಂದೆ ಕಂಡಿರಲಾರರು. ನನ್ನ ಮೂರನೆಯ ಪ್ರಶ್ನೆಗೆ ಉತ್ತರ ಅಲ್ಲಿದೆ.

ಅದೇ ದಿನ ಮುಧೋಳ, ಸಾಂಗಲಿ, ಔಂಧ, ರಾಮದುರ್ಗಗಳೂ ಮುಂಬಯಿಗೆ ಸೇರಿದುವು. ರಬಕವಿಗೂ ಬನಹಟ್ಟಿಗೂ ನಡುವೆ ಇದ್ದ ಗಡಿ ಅಳಿಸಿಹೋಯಿತು. 1950ರಲ್ಲಿ ಕುಲಕರ್ಣಿ ವತನಗಳ ರದ್ದಿಗೆ ಮುಂಬಯಿ ಸರಕಾರ ಕಾಯಿದೆ ಮಾಡಿತು. ಉಳಿದ ಗ್ರಾಮ ವತನಗಳು ಮೈಸೂರು ರಾಜ್ಯದ 1961ರ ಕಾಯಿದೆಯಿಂದ, 1963ರಲ್ಲಿ, ಕೊನೆಗೊಂಡುವು. ಇವೆರಡರ ನಡುವೆ 1951-52ರ ಮಹಾಚುನಾವಣೆ. ದೇಶದಲ್ಲಿ ಸುಮಾರು 17 ಕೋಟಿ 30 ಲಕ್ಷ ಮತದಾರರು. ಖಾಲಸಾದವನು, ಸಂಸ್ಥಾನದವನು, ಗೌಡ, ತಳವಾರ, ಅತ್ತೆ, ಸೊಸೆ ಎಲ್ಲರಿಗೂ ಒಂದೊಂದೇ ಮತ. ಸ್ವಿಜರ್ಲೆಂಡಿನಂಥ ಹಳೆಯ ಗಣರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ರಾಷ್ಟ್ರದ ಚುನಾವಣೆಯಲ್ಲಿ ಮತ ಸಿಕ್ಕಿದ್ದು 1971ರಲ್ಲಿ ಎಂಬುದನ್ನು ನೆನೆದರೆ ಇದರ ದೊಡ್ಡಸ್ತಿಕೆ ಗೊತ್ತಾದೀತು. ರಾಜನ ಔದಾರ್ಯದಿಂದ ಗುಣದಾಳಕ್ಕೆ ಬಂದದ್ದು ಈಗ ಘಟನೆಯ ಬಲದಿಂದ ಎಲ್ಲರಿಗೂ ಬಂದಿತು. ದಾನವಾಗಿದ್ದುದು ಹಕ್ಕಾಯಿತು.

ಆದರೆ ದಿಲ್ಲಿಗೆ ಒಬ್ಬನನ್ನು, ರಾಜಧಾನಿಗೆ ಒಬ್ಬನನ್ನು ಆರಿಸಿ ಕಳುಹಿಸಿದ ಮಾತ್ರಕ್ಕೆ ಹಳ್ಳಿಯವನಿಗೆ ಅಧಿಕಾರದ ಪಾಲು ಸಿಕ್ಕಂತಾಯಿತೆ? ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಸಾವಳಗಿಯ ಅದೇ ಜತ್ತಿಯವರ ಪಾಲಿಗೆ ಬಂದುದು ಯೋಗಾಯೋಗ. ಅವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು. ಅವರ ಕಾಲದಲ್ಲಿಯೇ 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಬಂದಿತು; ಹಳ್ಳಿಗೆ ಪಂಚಾಯತಿ, ತಾಲೂಕಿಗೆ ಅಭಿವೃದ್ಧಿ ಮಂಡಳಿ ಆದುವು. 1983ರ ಕಾಯಿದೆಯ ಪ್ರಕಾರ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು, ಮಂಡಲ ಪಂಚಾಯತಿಗಳು ಬಂದುವು. ಅವುಗಳ ಅವಧಿ 1992ರಲ್ಲಿ ಮುಗಿದಾಗ ಮರುಚುನಾವಣೆ ಆಗಲಿಲ್ಲ. ಇಂಥದು ಮತ್ತೆ ನಡೆಯಬಾರದೆಂದೇ 1993ರಲ್ಲಿ ಜಾರಿಗೆ ಬಂದ ಘಟನೆಯ 73ನೆಯ ತಿದ್ದುಪಡಿ, ಪಂಚಾಯತಿಯ ಐದು ವರ್ಷ ತುಂಬುವ ಮೊದಲೇ ಚುನಾವಣೆ ನಡೆಯಬೇಕೆಂದು ಬರೆಯಿತು.

ಹಳ್ಳಿಯ ಮಾತಿಗೆ ಬೆಲೆಯಿದೆಯೋ ಇಲ್ಲವೋ ಎಂಬುದು ಪುಸ್ತಕದ ಚರ್ಚೆಯಲ್ಲ. ಘಟಪ್ರಭೆಯ ದಂಡೆಯವರಿಗೆ ಅದು ಹೊಲಮನೆಯ ಮಾತು. 1964ರ ಮೇ ತಿಂಗಳಲ್ಲಿ ಲಾಲ್‌ಬಹಾದುರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಅದರ ಹಿನ್ನೀರು ಹಳೆಯ ಬಾಗಲಕೋಟೆಯ ಪೇಟೆಯನ್ನು ಮುಟ್ಟಿತು, ನೂರಕ್ಕೂ ಮಿಕ್ಕಿ ಹಳ್ಳಿಗಳನ್ನು ಎಬ್ಬಿಸಿತು, ಅನಗವಾಡಿಯ ಸೇತುವೆಯ ಕೆಳಗೂ ಹರಡಿತು. ಬರಗಾಲದ ನಾಡಿಗೆ ನೀರು ಬೇಕು; ಅಣೆಕಟ್ಟು ಬೇಡವೆಂದು ನಾನು ಹೇಳುವವನಲ್ಲ. ಆದರೆ ಭೂಮಿ ಹೋದುದು ಬ್ರಿಟಿಷರ 1894ರ ಭೂಸ್ವಾಧೀನ ಕಾಯಿದೆಯ ಕೆಳಗೆ. ಖಾಸಗಿಯವರಿಗಾಗಿ ಭೂಮಿ ತೆಗೆದುಕೊಳ್ಳುವಾಗ 2013ರ ಹೊಸ ಕಾಯಿದೆ ನೂರಕ್ಕೆ ಎಂಬತ್ತು ಮನೆತನಗಳ ಒಪ್ಪಿಗೆ ಬೇಕೆನ್ನುತ್ತದೆ. ಸರಕಾರವೇ ತನ್ನ ಯೋಜನೆಗೆ ತೆಗೆದುಕೊಳ್ಳುವಾಗ ಆ ಒಪ್ಪಿಗೆ ಬೇಕಿಲ್ಲ. ಹಲಗಲಿಯವನಿಗೆ ಇಲ್ಲದ ಕೋರ್ಟು, ಮತ, ಪತ್ರಿಕೆ ಎಲ್ಲವೂ ಇಂದಿನವನಿಗೆ ಇವೆ. ಅವನ ಪರವಾಗಿ ಮಾತನಾಡುವ ಸಭೆ ಅವನ ಸಮೀಪದಲ್ಲಿದ್ದಷ್ಟೂ ಅವು ಕೆಲಸಕ್ಕೆ ಬರುತ್ತವೆ.

ಆ ಸಭೆಯ ಗತಿ ಏನಾಗಿದೆ? ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. ಅವಧಿ 2021ರಲ್ಲಿ ಮುಗಿಯಿತು. ಅದಾದ ಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿಗಳು ಆ ಕುರ್ಚಿಗಳಲ್ಲಿ ಕುಳಿತರು. ಕ್ಷೇತ್ರವಿಂಗಡಣೆ, ಮೀಸಲಾತಿ, ಕೋರ್ಟಿನ ಮೊಕದ್ದಮೆ ಎಂದು ಕಾರಣಗಳು ಹಲವು. ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದು ಪಕ್ಷದ ಸರಕಾರ ಬಂದರೂ ಫಲ ಅದೇ. ಅಧಿಕಾರಿಗಳಲ್ಲಿ ದಕ್ಷರಿರಬಹುದು, ಸಜ್ಜನರೂ ಇರಬಹುದು. ಕಲಾದಗಿಯ ಕಲೆಕ್ಟರರಲ್ಲಿಯೂ ಅಂಥವರು ಇದ್ದಿರಬೇಕು.

ಪ್ರಜಾರಾಜ್ಯವೆಂಬ ಹೆಸರನ್ನು ಹೊತ್ತ ಮಾತ್ರಕ್ಕೆ ಸರಕಾರವೊಂದು ನನ್ನ ಮೂರು ಪ್ರಶ್ನೆಗಳಿಂದ ಪಾರಾಗಲಾರದು. 1939ರಲ್ಲಿ ಗುಣದಾಳದ ರೈತನಿಗೆ, ಅರಸನ ಕೆಳಗೇ, ತಾನು ಆರಿಸಿದ ತಾಲೂಕು ಪಂಚಾಯತಿಯೊಂದು ಇತ್ತು. ಅವನ ಮೊಮ್ಮಗನು ಗಣರಾಜ್ಯದ ಪ್ರಜೆ. ಅವನಿಗೆ ಘಟನೆಯೇ ಕೊಟ್ಟ ತಾಲೂಕು ಪಂಚಾಯತಿ ವರ್ಷಗಟ್ಟಲೆ ಬರಿದಾಗಿ ನಿಂತಿತು. ಆದರೂ ನಮ್ಮ ಪಟ್ಟಣಗಳಲ್ಲಿ ಅದೊಂದು ಸುದ್ದಿಯಾಗಲಿಲ್ಲ. ದೊರೆ ಕೊಟ್ಟ ದಾನವನ್ನು ದೊರೆ ತಡೆಹಿಡಿದರೆ ಕೇಳುವುದು ಕಷ್ಟ. ಹಕ್ಕನ್ನು ತಡೆಹಿಡಿದರೆ ಕೇಳಬಹುದು, ಕೇಳಬೇಕು. ಹಾಗೆ ಕೇಳುವುದಕ್ಕೆ ಇಂದು ಕತ್ತಿಯೂ ಬೇಡ, ದೊರೆಯ ಔದಾರ್ಯವೂ ಬೇಡ. ಒಂದು ಅರ್ಜಿ, ಒಂದು ಸಭೆ, ಒಂದು ಮತ ಸಾಕು. ಹಲಗಲಿಯವರಿಗೆ ಇಲ್ಲದೆ ಹೋದುದು ಇಷ್ಟೇ.